ಗುರುತಿಲ್ಲದವರ ಜೊತೆ ವಾದ



ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ‘ಯಾವೂರಾಯ್ತು?’ ಅಂತ. ಎರಡನೆಯದು ‘ಅಲ್ಲಿ ಯಾರ ಮನೆ?’ ಇವೆರಡು ಗೊತ್ತಾದರೆ ಮುಂದಿನ ಮಾತು ಸಲೀಸು. ಎದುರಿನವರ ಮಾತನ್ನು ಎಷ್ಟು ನಂಬಬೇಕು, ಎಷ್ಟು ಬಿಡಬೇಕು ಅನ್ನುವುದನ್ನು ಒಳಗೊಳಗೇ ತೀರ್ಮಾನಿಸಿಬಿಡುತ್ತೇವೆ. ಒಂದು ಮನೆಯವರು ಹೇಳಿದರೆ ಸುಳ್ಳೂ ಸತ್ಯ, ಇನ್ನೊಂದು ಮನೆಯವರು ಹೇಳಿದರೆ ಪಂಚಾಂಗವೂ ಅನುಮಾನ.

ಈಗ ಈ ಉಪಾಯ ಕೈಕೊಡುತ್ತಿದೆ. ಶರಾವತಿ ಕಣಿವೆಯಲ್ಲಿ ಸುರಂಗ ಕೊರೆಯಬೇಕೊ ಬೇಡವೊ, ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತದೊ ಇಲ್ಲವೊ, ಮಂಗನ ಕಾಯಿಲೆಗೆ ಲಸಿಕೆ ಯಾಕಿಲ್ಲ ಅಂತೆಲ್ಲ ನಮ್ಮ ಮನೆಯ ಹುಡುಗರು ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ಗುದ್ದಾಡುವುದು ಊರು, ಮನೆ, ಮುಖ ಯಾವುದೂ ತಿಳಿಯದವರ ಜೊತೆ. ಉತ್ತರ ತೋಚದಿದ್ದಾಗ ಬಸ್ಸಿನ ಹಳೆಯ ಪ್ರಶ್ನೆಯೇ ಬೇರೆ ವೇಷದಲ್ಲಿ ಬರುತ್ತದೆ: ನೀನು ಯಾವ ಪಕ್ಷ, ಯಾವ ಜಾತಿ, ಯಾವ ಕಂಪನಿಯಿಂದ ಎಷ್ಟು ತಗೊಂಡೆ? ಅಲ್ಲಿಗೆ ವಾದ ಸತ್ತ ಹಾಗೆ, ಜಗಳ ಮಾತ್ರ ಬೆಳಗಿನವರೆಗೂ ಬದುಕಿರುತ್ತದೆ.

ಆದರೆ ವಿಜ್ಞಾನದ ವಿಷಯಕ್ಕೆ ಗುರುತಿಲ್ಲದವರ ಜೊತೆ ವಾದ ಮಾಡುವುದು ಮಲೆನಾಡಿಗೆ ಮೊಬೈಲಿನಿಂದ ಬಂದದ್ದಲ್ಲ. ನೂರು ವರ್ಷಕ್ಕೂ ಹಿಂದಿನಿಂದ ಮಾಡಿಕೊಂಡು ಬಂದಿದ್ದೇವೆ. ಕೆಲವು ಸಲ ಬಹಳ ಚೆನ್ನಾಗಿಯೇ ಮಾಡಿದ್ದೇವೆ. ಇವತ್ತು ಹೇಳಬೇಕೆಂದಿರುವುದು ಅದನ್ನೇ.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೂಷ್ಟು ಮತ್ತು ಕೀಟಗಳ ತಜ್ಞ. ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿ, ಮಂಡ್ಯದ ಸಕ್ಕರೆ ಕಾರ್ಖಾನೆಯವರೆಗೆ ಅವರ ಹೆಸರು ಹಬ್ಬಿತು. ಮೊದಲ ವರ್ಷಗಳಲ್ಲಿ ಅವರು ಹಿಡಿದ ಕೆಲಸ ಮಾತ್ರ ನಮ್ಮದು, ಅಡಿಕೆಯ ಕೊಳೆರೋಗ. ಆಗ ತೋಟದವರ ಕೈಯಲ್ಲಿದ್ದ ಉಪಾಯ ಒಂದೇ. ಆರಿದ್ರಾ ಮಳೆ ಹಿಡಿಯುವುದರೊಳಗೆ ಕರಡದ ಹುಲ್ಲಿನ ಕೊಟ್ಟೆ ಹೆಣೆದು ಒಂದೊಂದು ಕೊನೆಗೂ ಕಟ್ಟುವುದು. ಕೊಟ್ಟೆ ಕಟ್ಟಿದ ಕೊನೆ ಉಳಿಯುತ್ತಿತ್ತು, ಕಟ್ಟದ್ದು ಉದುರುತ್ತಿತ್ತು. ಯಾಕೆ ಅಂತ ಕೇಳಿದರೆ ಶೀತ, ಗಾಳಿ, ದೈವ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಿರಬೇಕು. ಕಣ್ಣಿಗೆ ಕಾಣದ ಬೂಷ್ಟೊಂದು ಮಳೆಹನಿಯ ಜೊತೆ ಕಾಯಿಂದ ಕಾಯಿಗೆ ಹರಡುತ್ತದೆ ಎಂದು ಕೋಲ್ಮನ್ ತೋರಿಸಿದರು. 1910ರ ಅವರ ಪ್ರಕಟಣೆಯಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರೂ ಬಂತು. ಅಲ್ಲಿಗೆ ಕೊಟ್ಟೆಯ ಗುಟ್ಟು ಬಯಲಾಯಿತು. ಹನಿ ತಾಗದಿದ್ದರೆ ರೋಗ ಹರಡದು. ರೈತರ ಕಾರಣ ಏನೇ ಇರಲಿ, ಅವರ ಕೈಕೆಲಸ ಸರಿಯಾಗಿತ್ತು. ಹೊರಗಿನವರು ಕೊಟ್ಟೆಯನ್ನು ಮೂಢನಂಬಿಕೆ ಎಂದು ನಗದೆ ಅದನ್ನೂ ಒಂದು ಸಾಕ್ಷಿಯಾಗಿ ಎಣಿಸಿದ್ದರಿಂದ ಮಾತು ಮುಂದುವರಿಯಿತು ಅನಿಸುತ್ತದೆ.

ಅವರು ಸೂಚಿಸಿದ ಮದ್ದು ಫ್ರಾನ್ಸಿನದು. ಅದರ ಹುಟ್ಟೂ ಇಂಥದೇ. ಬೋರ್ಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ದ್ರಾಕ್ಷಿ ತೋಟಗಳ ಪಕ್ಕ ಹೋಗುತ್ತಿದ್ದಾಗ ರಸ್ತೆಬದಿಯ ಸಾಲಿನ ಬಳ್ಳಿಗಳು ಮಾತ್ರ ರೋಗವಿಲ್ಲದೆ ಹಸಿರಾಗಿ ನಿಂತದ್ದನ್ನು ಕಂಡರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು! ಕಳ್ಳರಿಗೆ ಹೆದರಿ ಮಾಡಿದ್ದು ರೋಗಕ್ಕೆ ಮದ್ದಾಯಿತು. ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಅವರು ಪ್ರಕಟಿಸಿದ್ದನ್ನು ಕೋಲ್ಮನ್ ನಮ್ಮ ಮಳೆಗೆ ಒಗ್ಗಿಸಿದರು. ಇವತ್ತಿಗೂ ಹೊಡೆಯುತ್ತಿದ್ದೇವೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು.

ದ್ರಾವಣ ಹದವಾಗಿದೆಯೊ ಇಲ್ಲವೊ ಎಂದು ನೋಡುವುದು ಹೇಗೆ ಅನ್ನುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಯಜಮಾನರು ಕಲಸಿದ್ದಾದರೂ ಅಷ್ಟೆ, ಆಳು ಕಲಸಿದ್ದಾದರೂ ಅಷ್ಟೆ, ಕೆನಡಾದವರು ಕಲಸಿದ್ದಾದರೂ ಅಷ್ಟೆ. ಚೂರಿ ಯಾರ ಮನೆ ಎಂದು ಕೇಳುವುದಿಲ್ಲ. ಗುರುತಿಲ್ಲದವರ ಜೊತೆ ವಾದಕ್ಕೆ ಕೂರುವ ಮೊದಲು ಇಬ್ಬರೂ ಒಪ್ಪುವ ಇಂಥದೊಂದು ಚೂರಿ ಬೇಕು. ಅದಿಲ್ಲದೆ ಕೂತರೆ ಗಂಟಲು ಯಾರದು ದೊಡ್ಡದು ಅನ್ನುವುದಷ್ಟೇ ತೀರ್ಮಾನವಾಗುವುದು.

ಎಲ್ಲ ಕಡೆಯೂ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಯವರಿಗೆ ಮೈಕೈ ಮುರಿಯುವ ಜ್ವರ. ಪುಣೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ತೆರೆದಿದ್ದ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಇಲ್ಲಿಗೆ ಬಂತೇ ಎಂಬುದು ಅವರ ಭಯ. ಅದಾಗಿರಲಿಲ್ಲ. ಉಣುಗಿನಿಂದ ಹರಡುವ ಹೊಸ ವೈರಸ್ಸು ಸಿಕ್ಕಿತು, ಅದೇ ಮಂಗನ ಕಾಯಿಲೆಯದು. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದ ಕಾಡುಗಳಲ್ಲಿ.

ರಷ್ಯಾ ಎಲ್ಲಿ, ಸೊರಬ ಎಲ್ಲಿ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಬಂದಿರಬಹುದೆ ಎಂದು ಕೆಲವರು ಊಹಿಸಿದರು. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಹುಡುಕಿತು. ಶೀತಲ ಸಮರದ ಕಾಲ ಅದು. ಹಕ್ಕಿಗಳ ಅಧ್ಯಯನಕ್ಕೆ ಬಂದ ಹಣದ ಹಿಂದೆ ಅಮೆರಿಕದ ಸೇನೆ ಇದೆ ಎಂಬ ಗುಮಾನಿ ಎದ್ದು, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಅದನ್ನು ಪ್ರಶ್ನಿಸಿತು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಗುಮಾನಿಯ ಬಾಲ ಹಿಡಿದು ಇವತ್ತಿಗೂ ‘ಅಮೆರಿಕದವರು ಬಿಟ್ಟ ರೋಗ’ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಹಣ ಯಾರದು ಅನ್ನುವುದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ರೋಗ ಯಾಕೆ ಹರಡಿತು ಅನ್ನುವುದಕ್ಕೆ ಸಿಕ್ಕಂತಾಗುವುದಿಲ್ಲ. ಆ ಎರಡನೆಯದಕ್ಕೆ ತಲೆ ಕೆಡಿಸಿಕೊಂಡವರಲ್ಲಿ ಹೋರ್ಹೆ ಬೊಶೆಲ್ ಒಬ್ಬರು, ದಕ್ಷಿಣ ಅಮೆರಿಕದ ಕೊಲಂಬಿಯಾದವರು. ಕಾಡು ಕಡಿದು ಅಂಚಿನಲ್ಲಿ ದನ ಮೇಯಿಸಲು ತೊಡಗಿದ ಮೇಲೆ ದನಗಳ ರಕ್ತ ಕುಡಿದು ಉಣುಗು ಹೆಚ್ಚಿತು, ಮನುಷ್ಯ ನಡುವೆ ಸಿಕ್ಕಿಕೊಂಡ ಎಂದು 1969ರಲ್ಲಿ ಅವರು ಬರೆದರು. ದರಕು ತರಲು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗುವ ಹೆಂಗಸರಿಗೆ ಇದರಲ್ಲಿ ಉಪಯೋಗಕ್ಕೆ ಬರುವ ಮಾತಿತ್ತು. ಅಮೆರಿಕದ ಸೇನೆಯ ಕತೆಯಲ್ಲಿ ಇರಲಿಲ್ಲ.

ಈಗ ಮಂಗನ ಕಾಯಿಲೆಯ ಲಸಿಕೆಯ ವಿಷಯ. 2018ರ ಕೊನೆಯಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಕಾಯಿಲೆ ಭುಗಿಲೆದ್ದಾಗ ‘ಚುಚ್ಚಿಸಿಕೊಂಡವರಿಗೂ ಬಂತಲ್ಲ’ ಎಂಬ ಮಾತು ಎಲ್ಲ ಅಂಗಳದಲ್ಲೂ ಇತ್ತು. ಓದಿದವರಿಗೆ ಇದು ಅಜ್ಞಾನ ಎನಿಸಿತು. ಆದರೆ ನಮ್ಮದೇ ರಾಜ್ಯದ ಅಂಕಿ ನೋಡಿ. 2005ರಿಂದ 2010ರವರೆಗಿನ ಮಾಹಿತಿಯನ್ನು ಲೆಕ್ಕ ಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇಕಡಾ 62.4. ಬೂಸ್ಟರ್ ಕೂಡ ಹಾಕಿಸಿಕೊಂಡವರಲ್ಲಿ 82.9. ಅಂದರೆ ಲಸಿಕೆ ಇಲ್ಲದಿದ್ದರೆ ನೂರು ಜನಕ್ಕೆ ಬರುತ್ತಿದ್ದ ಕಡೆ, ಎರಡು ಡೋಸಿನ ಮೇಲೂ ಮೂವತ್ತೆಂಟು ಜನಕ್ಕೆ ಬರುತ್ತದೆ. ಅಂಗಳದವರು ಕಂಡದ್ದು ಆ ಮೂವತ್ತೆಂಟನ್ನು, ಆಸ್ಪತ್ರೆಯವರು ಎಣಿಸಿದ್ದು ಉಳಿದ ಅರವತ್ತೆರಡನ್ನು. ಇಬ್ಬರೂ ಸುಳ್ಳು ಹೇಳಲಿಲ್ಲ. 2022ರ ಹೊತ್ತಿಗೆ ಆ ಲಸಿಕೆ ನಿಂತಿತು, ಅದರ ಶಕ್ತಿ ಸಾಲದು ಎಂಬ ಕಾರಣಕ್ಕೇ. ಈಗ ಹೊಸದರ ತಯಾರಿ ನಡೆದಿದೆ.

ನನ್ನ ಮಾತಿನ ತಿರುಳಿಗೆ ಬರುತ್ತೇನೆ. ‘ಲಸಿಕೆ ಎಷ್ಟು ಕೆಲಸ ಮಾಡುತ್ತದೆ’ ಅನ್ನುವುದು ಒಂದು ಪ್ರಶ್ನೆ, ‘ಹಾಕಿಸಿಕೊಳ್ಳಬೇಕೆ’ ಅನ್ನುವುದು ಇನ್ನೊಂದು. ಮೊದಲನೆಯದು ಸಂಗತಿ, ಎಣಿಸಿ ಹೇಳಬೇಕು. ಎರಡನೆಯದು ತೀರ್ಮಾನ, ಎಲ್ಲರೂ ಕೂತು ಯೋಚಿಸಬೇಕು. ಅರವತ್ತೆರಡು ಎಂದು ಬಾಯಿಬಿಟ್ಟರೆ ಜನ ಬರುವುದಿಲ್ಲ ಎಂದು ಒಂದು ಕಡೆಯವರಿಗೆ ಹೆದರಿಕೆ. ಅರವತ್ತೆರಡು ಉಳಿಯುತ್ತದೆ ಎಂದು ಒಪ್ಪಿದರೆ ನೋಯುವ ಸೂಜಿಗೆ ತೋಳು ಕೊಡಬೇಕಲ್ಲ ಎಂದು ಇನ್ನೊಂದು ಕಡೆಯವರಿಗೆ. ತೀರ್ಮಾನಕ್ಕೆ ಹೆದರಿ ಇಬ್ಬರೂ ಎದುರಿನವರು ಕಂಡ ಸಂಗತಿಯನ್ನೇ ಅಲ್ಲಗಳೆದರು. ಗುರುತಿಲ್ಲದವರ ಜೊತೆಗಿನ ನಮ್ಮ ವಾದಗಳು ಹಾಳಾಗುವುದು ಬಹುಪಾಲು ಇಲ್ಲೇ.

2019ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಬಂದ್ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅವತ್ತು ಕೇಳಿಬಂದ ಭಾಷಣಗಳಿಗಿಂತ ಗಟ್ಟಿಯಾದ ಮಾತೊಂದು ಹೈಸ್ಕೂಲಿನ ಭೌತಶಾಸ್ತ್ರದ ಪುಸ್ತಕದಲ್ಲಿತ್ತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 554 ಮೀಟರ್. ಬೆಂಗಳೂರು 900 ಮೀಟರಿನ ಆಸುಪಾಸು. ನೀರನ್ನು ಕಡಿಮೆಯೆಂದರೂ 350 ಮೀಟರ್ ಮೇಲೆತ್ತಬೇಕು. ಸಾವಿರ ಲೀಟರ್ ನೀರು ಒಂದು ಟನ್. ಅದನ್ನು ಅಷ್ಟು ಎತ್ತಲು, ಪಂಪಿನ ನಷ್ಟವನ್ನೂ ನಾನೂರು ಕಿಲೊಮೀಟರ್ ಕೊಳವೆಯ ಘರ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯದೆ, ಹತ್ತಿರ ಹತ್ತಿರ ಒಂದು ಯೂನಿಟ್ ವಿದ್ಯುತ್ತು ಬೇಕು. ಒಂದು ಟಿಎಂಸಿ ಅಂದರೆ 2.83 ಕೋಟಿ ಟನ್. ಹಾಗಾಗಿ ಒಂದು ಟಿಎಂಸಿಗೆ ಎರಡೂವರೆ ಕೋಟಿ ಯೂನಿಟ್ಟಿಗೂ ಹೆಚ್ಚು. ಅದೇ ನೀರು ಘಟ್ಟ ಇಳಿದಿದ್ದರೆ ಶರಾವತಿ ವಿದ್ಯುದಾಗಾರದಲ್ಲಿ ಟನ್ನಿಗೆ ಸುಮಾರು ಒಂದು ಯೂನಿಟ್ ಕೊಡುತ್ತಿತ್ತು. ಅದೂ ಹೋಯಿತು. ಸಾವಿರ ಲೀಟರಿಗೆ ನಾಡಿನ ವಿದ್ಯುತ್ ಖಾತೆಯಲ್ಲಿ ಎರಡು ಯೂನಿಟ್ ಖೋತಾ.

ಈ ಲೆಕ್ಕವನ್ನು ಬೆಂಗಳೂರಿನ ಯಾವ ಎಂಜಿನಿಯರೂ ನೀವು ಯಾವ ಊರಿನವರು ಎಂದು ಕೇಳಿ ತಳ್ಳಿಹಾಕಲಾಗದು. ಬೇಕಿದ್ದರೆ ಅವರೇ ಮಾಡಿ ನೋಡಲಿ. ಹಾಗೆಂದು ಲೆಕ್ಕವೇ ‘ಬೇಡ’ ಎಂದು ಹೇಳುವುದಿಲ್ಲ. ಟ್ಯಾಂಕರಿಗೆ ಕಾದು ಕೂತ ಬೆಂಗಳೂರಿನ ಬಡಾವಣೆಯ ಹೆಂಗಸೊಬ್ಬರು ‘ಸಾವಿರ ಲೀಟರಿಗೆ ಎರಡು ಯೂನಿಟ್ ತಾನೆ, ಈಗ ಕೊಡುತ್ತಿರುವುದಕ್ಕಿಂತ ಅಗ್ಗ’ ಅನ್ನಬಹುದು. ಅವರ ಬಾಯಾರಿಕೆ ಸುಳ್ಳಲ್ಲ. ಆಗ ನಾವು ಕಾಡಿನ, ಕಣಿವೆಯ, ಮುಳುಗಡೆಯಾದವರ ಮಾತು ತೆಗೆಯಬೇಕು. ಬೆಂಗಳೂರಿನ ಕೆರೆ, ಮಳೆನೀರು, ಕೊಳಚೆ ನೀರಿನ ಮರುಬಳಕೆಯ ಮಾತು ತೆಗೆಯಬೇಕು. ಅದು ನಿಜವಾದ ವಾದ. ಅಂಥದಕ್ಕೆ ನಾವು ಇನ್ನೂ ಕೂತಿಲ್ಲ.

ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯದಲ್ಲಿ ನಮ್ಮವರದೇ ಒಂದು ಮಾತು ನನಗೆ ಸರಿಬರುವುದಿಲ್ಲ. ಹೇಳಿಬಿಡುತ್ತೇನೆ. ಮೇಲಿನ ತಲಕಳಲೆ, ಕೆಳಗಿನ ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು, ನೆಲದಡಿ ವಿದ್ಯುದಾಗಾರ ಮಾಡಿ 2000 ಮೆಗಾವಾಟ್ ತೆಗೆಯುವ ಯೋಜನೆ ಕರ್ನಾಟಕ ವಿದ್ಯುತ್ ನಿಗಮದ್ದು. ‘ಉತ್ಪಾದಿಸುವುದಕ್ಕಿಂತ ಹೆಚ್ಚು ಕರೆಂಟು ನೀರೆತ್ತುವುದಕ್ಕೇ ಬೇಕಂತೆ, ಇದೆಂಥ ಮೂರ್ಖತನ’ ಎಂಬುದು ಮೊಬೈಲಿನಲ್ಲಿ ಓಡುತ್ತಿರುವ ದೊಡ್ಡ ವಾದ. ಸಂಗತಿ ನಿಜ. ಇಂಥ ಯಾವ ಯೋಜನೆಯಲ್ಲೂ ಹಾಕಿದ ನೂರು ಯೂನಿಟ್ಟಿನಲ್ಲಿ ಎಪ್ಪತ್ತರಿಂದ ಎಂಬತ್ತು ಮಾತ್ರ ವಾಪಸು ಬರುತ್ತದೆ. ಆದರೆ ಅದನ್ನು ಕಟ್ಟುವುದೇ ಉಳಿಕೆಗಾಗಿ, ಗಳಿಕೆಗಲ್ಲ. ಪಾವಗಡದಂಥ ಕಡೆ ಮಧ್ಯಾಹ್ನ ಬಿಸಿಲಿನಿಂದ ಹುಟ್ಟಿ ಮಿಗುವ ವಿದ್ಯುತ್ತನ್ನು ಸಂಜೆ ಏಳರ ದೀಪಕ್ಕೆ ಇಟ್ಟುಕೊಳ್ಳುವ ದಾರಿ ಅದು. ನಾವು ಈ ವಾದ ಎತ್ತಿದ ಕೂಡಲೇ ಎದುರಿನ ಎಂಜಿನಿಯರಿಗೆ ಖುಷಿ. ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟು ‘ಇವರಿಗೆ ವಿಷಯವೇ ಗೊತ್ತಿಲ್ಲ’ ಎಂದು ಎದ್ದು ಹೋಗಬಹುದು. ಅವರು ಬೆವರಬೇಕಾದ ಪ್ರಶ್ನೆಗಳು ಹಾಗೇ ಉಳಿದುಬಿಡುತ್ತವೆ. ಸಿಂಗಳೀಕಗಳಿಗಾಗಿ 2019ರಲ್ಲಿ ಘೋಷಿಸಿದ 930 ಚದರ ಕಿಲೊಮೀಟರಿನ ಅಭಯಾರಣ್ಯದ ಒಳಗೇ ಯಾಕೆ? ಮಳೆಗಾಲದಲ್ಲಿ ಗುಡ್ಡ ಜರಿಯುವ ಸೀಮೆಯಲ್ಲಿ ಸುರಂಗ ಕೊರೆದರೆ ನೀರಿನ ಒರತೆಗಳು ಎತ್ತ ಹೋಗುತ್ತವೆ? ಬ್ಯಾಟರಿಯಲ್ಲಿ ಇಷ್ಟೇ ಕರೆಂಟು ಕೂಡಿಡಲು ಇವತ್ತಿನ ಬೆಲೆ ಎಷ್ಟು, ಯೋಜನೆ ಮುಗಿಯುವ ವರ್ಷ ಎಷ್ಟಾದೀತು? ಕೊನೆಯ ಪ್ರಶ್ನೆಯನ್ನಂತೂ ನಮ್ಮ ಹುಡುಗರು ಬಿಡದೆ ಕೇಳಬೇಕು. ಅದಕ್ಕೆ ಉತ್ತರ ಕೊಡಲು ಅಂಕಿ ಬೇಕು, ಭಾಷಣ ನಡೆಯುವುದಿಲ್ಲ.

ಘಟ್ಟದ ಉತ್ತರಕ್ಕೆ ಹೀಗೆ ಅಂಕಿ ಹಿಡಿದು ವಾದ ಮಾಡಿ ತೋರಿಸಿದವರಿದ್ದಾರೆ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ, ಅಂದರೆ ಅಡಿಕೆ ಮಾರುವ ಸೊಸೈಟಿ, 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಯೋಜನೆಯ ಲಾಭನಷ್ಟದ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ತೋಟ, ಬೆಟ್ಟ, ಕಾಡಿನ ಬೆಲೆಯನ್ನು ಸೇರಿಸಿ ಕೂಡಿಸಿದಾಗ ಸರ್ಕಾರದ ಲೆಕ್ಕ ನಿಲ್ಲಲಿಲ್ಲ. ಯೋಜನೆಯೂ ಅಂದು ನಿಂತಿತು. ಕೈಗಾ ಅಣುಸ್ಥಾವರದ ವಿಷಯದಲ್ಲಿ ಇಷ್ಟು ಸರಳವಾಗಲಿಲ್ಲ. ಅದನ್ನು ವಿರೋಧಿಸಿ ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕುಸಿದಾಗ ವಿರೋಧಿಗಳು ‘ನೋಡಿದಿರಾ’ ಎಂದರು. ಅದೇ ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದಾಗ ಪರವಾದಿಗಳು ‘ನೋಡಿದಿರಾ’ ಎಂದರು. ಎರಡೂ ‘ನೋಡಿದಿರಾ’ಗಳಿಂದ ವಿಕಿರಣದ ಕಸವನ್ನು ಸಾವಿರಾರು ವರ್ಷ ಎಲ್ಲಿಡುವುದು ಎಂಬುದಕ್ಕೆ ಉತ್ತರ ಸಿಗಲಿಲ್ಲ.

ಈಗ ಅಡಿಕೆ. ಸಭೆಯಲ್ಲಿ ಕೆಲವರಿಗೆ ಬೇಜಾರಾಗಬಹುದು. ಈ ಸಭಾಂಗಣದ ಕಂಬದಿಂದ ಹಿಡಿದು ಈ ಉಪನ್ಯಾಸದ ದತ್ತಿಯ ಮೂಲಧನದವರೆಗೆ ಅಡಿಕೆಯ ದುಡ್ಡೇ ಇರುವುದರಿಂದ ಇದನ್ನು ಇಲ್ಲಿ ಹೇಳದೆ ಬೇರೆಲ್ಲಿ ಹೇಳಲಿ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನಿನಲ್ಲಿದೆ. ಅದು 1985ರಲ್ಲಿ ತಂಬಾಕು ಸೇರಿದ ಕವಳ, ಅಂದರೆ ಎಲೆಯಡಿಕೆ, ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಕವಳದ ಬಗ್ಗೆ ಸಾಕ್ಷ್ಯ ಸಾಲದು ಎಂದು ಬಿಟ್ಟಿತ್ತು. 2004ರಲ್ಲಿ ಪ್ರಕಟವಾದ ತನ್ನ ವರದಿಮಾಲೆಯ 85ನೇ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಕಡೆ ಇದಕ್ಕೆ ಬರುವ ಉತ್ತರಗಳು ಎಲ್ಲರಿಗೂ ಬಾಯಿಪಾಠ.

ಮೊದಲನೆಯದು, ‘ನಮ್ಮಜ್ಜ ತೊಂಬತ್ತು ವರ್ಷ ಕವಳ ಹಾಕಿದ, ಏನೂ ಆಗಲಿಲ್ಲ.’ ಆಗಲಿಕ್ಕಿಲ್ಲ. ಆದರೆ ತೊಂಬತ್ತು ಮುಟ್ಟದವರು ಜಗಲಿಯಲ್ಲಿ ಕೂತು ತಮ್ಮ ಕತೆ ಹೇಳಲು ಉಳಿದಿಲ್ಲ. ಎರಡನೆಯದು, ‘ದೋಷ ತಂಬಾಕಿನದು, ಅಡಿಕೆಯದಲ್ಲ.’ ಇದು ತೂಕದ ಮಾತು. ನಮ್ಮ ದೇಶದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟವೇ. ಅದಕ್ಕೇ ವಿಜ್ಞಾನಿಗಳು ತೈವಾನಿನ ಕಡೆ ನೋಡಿದರು. ಅಲ್ಲಿ ಹಸಿ ಅಡಿಕೆಗೆ ಸುಣ್ಣ ಹಚ್ಚಿ ಜಗಿಯುತ್ತಾರೆ, ತಂಬಾಕು ಸೇರಿಸುವುದಿಲ್ಲ. ಅಲ್ಲೂ ಬಾಯಿ ಕ್ಯಾನ್ಸರ್ ಹೆಚ್ಚು. ಪಪುವಾ ನ್ಯೂಗಿನಿಯಲ್ಲೂ ಹಾಗೆಯೇ. ಬಾಯಿಯ ಒಳಚರ್ಮ ಗಟ್ಟಿಯಾಗಿ, ದವಡೆ ತೆರೆಯದೆ, ತುತ್ತು ಇಡಲಾಗದ ಸ್ಥಿತಿಗೆ ಹೋಗುವ ಕಾಯಿಲೆ ಇದೆಯಲ್ಲ, ಅದು ಬರುವುದು ಅಡಿಕೆಯಿಂದ. ತಂಬಾಕಿನ ತಲೆಗೆ ಕಟ್ಟಿ ಇದರಿಂದ ತಪ್ಪಿಸಿಕೊಳ್ಳಲಾಗದು. ಗುಟ್ಕಾ, ಪಾನ್‌ಮಸಾಲೆಯ ಚೀಟಿಗಳು ಬಂದ ಮೇಲೆ ಅದು ಕಾಲೇಜು ಹುಡುಗರಿಗೂ ಬಂತು. ನಮ್ಮ ಕೆಂಪಡಿಕೆಯ ದೊಡ್ಡ ಪಾಲು ಲಾರಿ ಹತ್ತಿ ಉತ್ತರಕ್ಕೆ ಹೋಗುವುದು ಯಾವುದಕ್ಕೆ ಎಂದು ಮಂಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಮೂರನೆಯ ಉತ್ತರವೊಂದಿದೆ, ಅದನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ. ‘ಮೊದಲ ಗುಂಪು’ ಅಂದರೆ ಅತಿ ಅಪಾಯಕಾರಿ ಎಂದಲ್ಲ, ಅಪಾಯವಿದೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿ ಎಂದರ್ಥ. ಮದ್ಯವೂ ಅದೇ ಗುಂಪಿನಲ್ಲಿದೆ, 2015ರಿಂದ ಸಂಸ್ಕರಿಸಿದ ಮಾಂಸವೂ ಇದೆ. ಎಷ್ಟು ತಿಂದರೆ, ಯಾವ ರೂಪದಲ್ಲಿ ತಿಂದರೆ, ಬೇಯಿಸಿದ್ದಕ್ಕೂ ಹಸಿಯದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ‘ಕೆಂಪಡಿಕೆ, ಚಾಲಿ, ಹಸಿ ಅಡಿಕೆ ಬೇರೆ ಬೇರೆಯಾಗಿ ಪರೀಕ್ಷೆ ಆಗಲಿ’ ಎಂದು ನಾವು ಕೇಳುವುದು ನ್ಯಾಯ. ಆದರೆ ಹಾಗೆ ಕೇಳುವವರು ಫಲಿತಾಂಶ ಹೇಗೆ ಬಂದರೂ ಒಪ್ಪುತ್ತೇವೆ ಎಂದು ಮೊದಲೇ ಬರೆದುಕೊಡಬೇಕು. ಅನುಕೂಲವಾದ ಉತ್ತರ ಸಿಗುವವರೆಗೆ ಹೊಸ ಹೊಸ ಅಧ್ಯಯನ ಮಾಡಿಸುತ್ತ ಹೋದರೆ ಕೆಂಪು ಕೂತ ಚೂರಿಯನ್ನು ಒರೆಸಿ ಒರೆಸಿ ಮತ್ತೆ ಅದ್ದಿದ ಹಾಗೆ.

ನಮಗೆ ಇದನ್ನು ಒಪ್ಪಲು ಭಯ ಯಾಕೆ? ಸಂಗತಿಯನ್ನು ಒಪ್ಪಿದ ಮರುಕ್ಷಣ ತೋಟ ಕಡಿಯಬೇಕಾಗುತ್ತದೆ ಎಂದು ಭಾವಿಸಿದ್ದೇವೆ. ಯಾರು ಹೇಳಿದರು? ತಂಬಾಕು ಬೆಳೆಯುವವರು ಇನ್ನೂ ಬೆಳೆಯುತ್ತಿದ್ದಾರೆ, ಅವರಿಗೊಂದು ಮಂಡಳಿಯೇ ಇದೆ. ಅಡಿಕೆ ಹಾನಿಕರ ಎನ್ನುವುದು ಲಿಯೋನಿನವರು ಹೇಳಬಹುದಾದ ಮಾತು. ಲಕ್ಷಾಂತರ ಕುಟುಂಬಗಳು ಮುಂದಿನ ಮೂವತ್ತು ವರ್ಷ ಏನು ಬೆಳೆಯಬೇಕು, ಯಾವ ವೇಗದಲ್ಲಿ ಬದಲಾಗಬೇಕು, ಅದರ ಖರ್ಚು ಯಾರ ತಲೆಗೆ ಎಂಬುದನ್ನು ಅವರು ಹೇಳಲಾಗದು. ಅದು ನಮ್ಮ ಮಾತು. ಮೊದಲನೆಯದನ್ನು ಹಟಕ್ಕೆ ನಿರಾಕರಿಸುತ್ತ ಕೂತವರನ್ನು ಎರಡನೆಯದಕ್ಕೆ ಯಾರು ಕರೆಯುತ್ತಾರೆ? ಪಶ್ಚಿಮಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯ ವಿಷಯದಲ್ಲಿ ಇದೇ ಆಯಿತು. ಅದಕ್ಕೆ ಮೊದಲಿನ 2011ರ ಗಾಡ್ಗೀಳ್ ವರದಿ ‘ತೀರ್ಮಾನ ಗ್ರಾಮಸಭೆಗಳದ್ದಾಗಲಿ’ ಎಂದಿತ್ತು. ಓದದೆಯೇ ವಿರೋಧಿಸಿದೆವು. ಕರಡು ಅಧಿಸೂಚನೆ ಆರನೇ ಸಲ 2024ರಲ್ಲಿ ಬಂತು. ಪ್ರತಿ ಸಲವೂ ಆಕ್ಷೇಪಣೆಗೆ ಅರವತ್ತು ದಿನ. ಪ್ರತಿ ಸಲವೂ ನಮ್ಮ ಉತ್ತರ ಒಂದೇ ಸಾಲಿನದು.

ಇಂಥ ಮಾತಿಗೆ ಕೂರುವ ಏರ್ಪಾಡೊಂದು ಈಗ ಇದೆ. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಮುಳುಗುವವರನ್ನು ಬಹಿರಂಗ ಸಭೆಯಲ್ಲಿ ಕೂರಿಸಿ ಕೇಳುವ ಕಾನೂನೇ ಇರಲಿಲ್ಲ. 1997ರಲ್ಲಿ ಅದು ಬಂತು, 2006ರ ಅಧಿಸೂಚನೆಯಲ್ಲಿ ಈಗಿನ ರೂಪ ಪಡೆಯಿತು. ಸಾರ್ವಜನಿಕ ಅಹವಾಲು ಸಭೆಗೆ ಮೂವತ್ತು ದಿನ ಮುಂಚೆ ತಿಳಿಸಬೇಕು. ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಬಂದ ಪ್ರತಿಯೊಬ್ಬರಿಗೂ ಕೇಳಲು ಅವಕಾಶ ಕೊಡಬೇಕು. ಎಲ್ಲವನ್ನೂ ವಿಡಿಯೊ ಮಾಡಬೇಕು. ಕೊನೆಗೆ ನಡಾವಳಿಯನ್ನು ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಪಂಪ್ಡ್ ಸ್ಟೋರೇಜಿಗಾಗಿ ನಡೆದದ್ದು ಇಂಥ ಸಭೆಗಳೇ. ಈ ನಿಯಮದಲ್ಲಿ ಕೊರತೆಗಳಿವೆ. ಎಷ್ಟು ಜನ ಸೇರಬೇಕೆಂಬ ಕಟ್ಟಳೆ ಇಲ್ಲ, ಜನರ ಮಾತಿಗೆ ಯೋಜನೆ ತಡೆಯುವ ಬಲವಿಲ್ಲ. ಆದರೂ ಗುರುತಿಲ್ಲದವರು ಗುರುತಿಲ್ಲದವರ ಎದುರು ಕೂತು, ಕಾಗದ ಮೊದಲೇ ಹಂಚಿಕೊಂಡು, ಹೇಳಿದ ಮಾತು ದಾಖಲಾಗುವಂತೆ ವಾದಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ.

ಅದಕ್ಕೇ ಈ ದತ್ತಿಯ ಸಮಿತಿಗೆ ನನ್ನದೊಂದು ಬೇಡಿಕೆ. ಮುಂದಿನ ವರ್ಷ ಉಪನ್ಯಾಸಕಾರರನ್ನು ಕರೆಯಬೇಡಿ. ಆ ದುಡ್ಡಿನಲ್ಲಿ ಅಡಿಕೆಯ ಬಗ್ಗೆ ನಾವೇ ಒಂದು ಅಹವಾಲು ಸಭೆ ಇಟ್ಟುಕೊಳ್ಳೋಣ, ಸರ್ಕಾರದ ನಿಯಮದ ಪ್ರಕಾರವೇ. ಮೂವತ್ತು ದಿನ ಮುಂಚೆ ಆ 85ನೇ ಸಂಪುಟದ ಅಡಿಕೆಯ ಭಾಗದ ಸಾರಾಂಶ ಕನ್ನಡದಲ್ಲಿ ಪ್ರತಿ ಸೊಸೈಟಿಯ ಕಟ್ಟೆಗೂ ಮುಟ್ಟಲಿ. ಬೆಳೆಗಾರರ ಸಂಘದವರ ಉತ್ತರವೂ ಬರವಣಿಗೆಯಲ್ಲಿ ಅದರ ಪಕ್ಕದಲ್ಲಿರಲಿ. ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ವಿಶ್ವವಿದ್ಯಾಲಯ ಇಲ್ಲೇ ಇರುವಕ್ಕಿಯಲ್ಲಿದೆ, ಅಲ್ಲಿಯ ವಿಜ್ಞಾನಿಗಳು ಬರಲಿ. ಶಿವಮೊಗ್ಗದಿಂದ ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸಕರೊಬ್ಬರು ಬರಲಿ. ಬೆಳಿಗ್ಗೆ ಆರಕ್ಕೆ ಬಾಯಿಗೆ ತುಂಬಿಕೊಂಡು ದಿನವಿಡೀ ಮರದ ಮೇಲಿರುವ ಕೊನೆಗೌಡರನ್ನು, ಸುಲಿಯುವ ಮೆಟ್ಟುಗತ್ತಿಯ ಮುಂದೆ ಕವಳ ಜಗಿಯುತ್ತ ಕೂರುವ ಹೆಂಗಸರನ್ನು ಯಾವ ವಾದಕ್ಕೂ ಯಾರೂ ಕರೆದದ್ದಿಲ್ಲ. ಅವರಿಗೆ ಆ ದಿನದ ಕೂಲಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿ. ವೈದ್ಯರು ಹೇಗೂ ಬಂದಿರುತ್ತಾರೆ. ಸಭೆಗೆ ಮೊದಲು ಎಲ್ಲರ ಬಾಯಿಯನ್ನೂ ಒಮ್ಮೆ ನೋಡಲಿ. ಮೂರು ಬೆರಳನ್ನು ನಿಲ್ಲಿಸಿ ಬಾಯೊಳಗೆ ಇಡಲು ಬರುತ್ತದೊ ಇಲ್ಲವೊ ಎಂಬುದು ಮೊದಲ ಪರೀಕ್ಷೆ, ಇವತ್ತು ಮನೆಗೆ ಹೋಗಿ ನೀವೇ ಮಾಡಿಕೊಳ್ಳಬಹುದು. ಆವತ್ತು ತಪಾಸಣೆ ಒಂಬತ್ತೂವರೆಗೆ, ವಾದ ಹತ್ತೂವರೆಗೆ ಅಂತ ಇಟ್ಟುಕೊಂಡರೆ ಹೊಸನಗರದ ಮೊದಲ ಬಸ್ಸಿಗೆ ಬರುವವರಿಗೂ ಅನುಕೂಲ.